ಹಳೇ ಪಿಕಪ್ಪಿಗೆ ಅದರ ಕಾಲದ ಎಣ್ಣೆ

ತಿಮಿಂಗಿಲ ವಾಂತಿ ಮಾರಲು ಹೊರಟವರನ್ನು ಪೊಲೀಸರು ಹಿಡಿದರೆಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸುಗಂಧದ್ರವ್ಯ ತಯಾರಿಸುವವರು ಅಂಬರ್‌ಗ್ರೀಸ್ ಎಂದು ಕರೆಯುವ ಆ ವಸ್ತು ಹುಟ್ಟುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಅದೇ ತಿಮಿಂಗಿಲದ ಎಣ್ಣೆ ಒಂದು ಕಾಲಕ್ಕೆ ಅಮೆರಿಕದ ಪಿಕಪ್ ಟ್ರಕ್ಕುಗಳ ಗೇರ್‌ಬಾಕ್ಸಿನಲ್ಲಿ ಹರಿದಾಡುತ್ತಿತ್ತು. ಹುಲ್ಲಿನ ಪೆಂಡಿ, ಗೊಬ್ಬರದ ಚೀಲ, ಒಂದೆರಡು ಕರು ಹೇರಿಕೊಂಡು ಹೊಲಗಳ ನಡುವೆ ಓಡಾಡುತ್ತಿದ್ದ ಗಾಡಿಗೆ ಸಮುದ್ರದ ಪ್ರಾಣಿಯೊಂದರ ಋಣವಿದೆ ಎಂಬುದು ಅದನ್ನು ಓಡಿಸುತ್ತಿದ್ದ ಎಷ್ಟು ರೈತರಿಗೆ ಗೊತ್ತಿತ್ತೋ!

ಆ ಪಿಕಪ್ಪುಗಳಿಗೆ ಈಗ ಐವತ್ತು ದಾಟಿದೆ. ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದವನ್ನು ಹುಡುಕಿ ತಂದು, ಉಜ್ಜಿ, ಬಣ್ಣ ಬಳಿದು ಮತ್ತೆ ರಸ್ತೆಗೆ ಇಳಿಸುವ ಹವ್ಯಾಸಿಗಳು ಅಮೆರಿಕದ ತುಂಬ ಇದ್ದಾರೆ. ಎಂಜಿನ್ನಿನ ಸದ್ದು, ಕ್ರೋಮಿನ ಬಂಪರು, ಮರದ ಹಲಗೆಯ ತೊಟ್ಟಿ ಇವುಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದು ಮಾತ್ರ ಯಾರಿಗೂ ಕಾಣಿಸದ, ಮೈಕೈ ಜಿಡ್ಡಾಗುವ ಕೆಲಸ. ಹಳೇ ಗಾಡಿ ಇನ್ನೂ ಹತ್ತು ವರ್ಷ ಓಡುತ್ತದೋ ಅಥವಾ ಮುಂದಿನ ಏರಿನಲ್ಲೇ ಕೂರುತ್ತದೋ ಎಂಬುದು ಬಹಳ ಮಟ್ಟಿಗೆ ಈ ಕೆಲಸದ ಮೇಲೆ ನಿಂತಿದೆ. ಇದರಲ್ಲೊಂದು ತಮಾಷೆಯೂ ಇದೆ. ಅಂಗಡಿಯಲ್ಲಿ ಸಿಗುವ ತೀರಾ ಹೊಸ, ತೀರಾ ದುಬಾರಿ ಎಣ್ಣೆ ತಂದು ಸುರಿದರೆ ಹಳೇ ಗೇರ್‌ಬಾಕ್ಸು ಸುಧಾರಿಸುವ ಬದಲು ಕೆಡಬಹುದು. ಅದು ಕೇಳುವುದು ತನ್ನ ಕಾಲದ ಎಣ್ಣೆಯನ್ನು.

ಕ್ಲಚ್ ಪೆಡಲ್ ಮಾಯವಾದ ಬಗೆ

1939ರ ಕೊನೆಯಲ್ಲಿ ಜನರಲ್ ಮೋಟರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಗೇರ್‌ಬಾಕ್ಸನ್ನು ಪರಿಚಯಿಸಿತು. ಅದರಲ್ಲಿ ಕ್ಲಚ್ ಪೆಡಲ್ ಇರಲಿಲ್ಲ, ಗೇರು ತಾನಾಗಿ ಬದಲಾಗುತ್ತಿತ್ತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಆಟೊಮ್ಯಾಟಿಕ್ ಅದೇ. ಎರಡನೇ ಮಹಾಯುದ್ಧ ಬಂದಾಗ ಅದೇ ಗೇರ್‌ಬಾಕ್ಸು ಎಂ5 ಸ್ಟುವರ್ಟ್, ಎಂ24 ಶಾಫಿ ಟ್ಯಾಂಕುಗಳ ಒಳಗೂ ಕೂತಿತು. ಟ್ಯಾಂಕನ್ನೇ ಎಳೆದದ್ದು ಟ್ರಕ್ಕನ್ನು ಎಳೆಯದೇ? ಯುದ್ಧ ಮುಗಿದ ಮೇಲೆ, 1953ರಲ್ಲಿ, ಫೋರ್ಡ್ ತನ್ನ ಹೊಸ ಎಫ್-100 ಪಿಕಪ್ಪಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯ್ಕೆ ಕೊಟ್ಟಿತು. ಮರುವರ್ಷ ಜನರಲ್ ಮೋಟರ್ಸಿನದೇ ಆದ ಶೆವರ್ಲೆ ಪಿಕಪ್ಪಿಗೂ ಹೈಡ್ರಾಮ್ಯಾಟಿಕ್ ಬಂತು. 1960ರ ದಶಕದಲ್ಲಿ ಫೋರ್ಡಿನ ಸಿ-4 ಮತ್ತು ಸಿ-6, ಜನರಲ್ ಮೋಟರ್ಸಿನ ಟರ್ಬೊ ಹೈಡ್ರಾಮ್ಯಾಟಿಕ್ 350 ಮತ್ತು 400 ಬಂದವು. ಈ ಹೊತ್ತಿಗೂ ಹಳೇ ಪಿಕಪ್ಪುಗಳ ಹೊಟ್ಟೆಯಡಿ ಸಿಗುವುದು ಹೆಚ್ಚಾಗಿ ಇವೇ.

ಈ ಗೇರ್‌ಬಾಕ್ಸುಗಳು ಕೆಲಸ ಮಾಡುವ ರೀತಿ ತಿಳಿದರೆ ಎಣ್ಣೆಗೇಕೆ ಇಷ್ಟು ಮಹತ್ವ ಎಂಬುದೂ ತಿಳಿಯುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ ಇದೆ. ಎಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಅಂದರೆ ಎಂಜಿನ್ನಿಗೂ ಗಾಲಿಗೂ ನಡುವೆ ಇರುವ ಕೊಂಡಿಯೇ ಎಣ್ಣೆ.

ಅಷ್ಟಕ್ಕೆ ಅದರ ಕೆಲಸ ಮುಗಿಯುವುದಿಲ್ಲ. ಪಂಪು ಅದೇ ಎಣ್ಣೆಯನ್ನು ಒತ್ತಡದಲ್ಲಿ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿಸುತ್ತದೆ. ಗಾಡಿಯ ವೇಗ ಎಷ್ಟು, ಎಂಜಿನ್ ಮೇಲಿನ ಹೊರೆ ಎಷ್ಟು ಎಂಬುದಕ್ಕೆ ತಕ್ಕಂತೆ ವಾಲ್ವುಗಳು ತೆರೆದು ಮುಚ್ಚಿ, ಯಾವ ಕ್ಲಚ್ ಹಿಡಿಯಬೇಕು, ಯಾವುದು ಬಿಡಬೇಕು ಎಂದು ತೀರ್ಮಾನಿಸುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲೆಕ್ಕ ಹಾಕುವ ಕೆಲಸವನ್ನೂ ಎಣ್ಣೆಯೇ ಮಾಡುತ್ತಿತ್ತು. ಜೊತೆಗೆ ಬೇರಿಂಗಿಗೆ ಜಾರು ಕೊಡಬೇಕು, ಬಿಸಿಯನ್ನು ರೇಡಿಯೇಟರಿನೊಳಗಿನ ಕೂಲರಿಗೆ ಸಾಗಿಸಬೇಕು, ರಬ್ಬರ್ ಸೀಲುಗಳು ಒಣಗಿ ಬಿರಿಯದಂತೆ ನೋಡಿಕೊಳ್ಳಬೇಕು. ಎಂಜಿನ್ ಆಯಿಲಿನ ಜೊತೆ ಕಲಸುಮೇಲೋಗರ ಆಗದಿರಲೆಂದು ಇದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ಗಾಡಿ ನಿಂತ ಜಾಗದಲ್ಲಿ ಕೆಂಪು ಹನಿ ಬಿದ್ದಿದ್ದರೆ ಅದು ಎಲ್ಲಿಂದ ಬಂತೆಂದು ಹುಡುಕುವುದೂ ಇದರಿಂದ ಸುಲಭ.

ತಿಮಿಂಗಿಲ ಹೋಯಿತು, ಕೂಲರ್ ತೂತಾಯಿತು

ಇಷ್ಟೆಲ್ಲ ಕೆಲಸವನ್ನು ಸಾದಾ ಖನಿಜ ತೈಲ ಮಾಡಲಾರದು. ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೇಡಿಕೆಗೆ ಬಂದದ್ದು ಅದಕ್ಕಾಗಿ. ನಾವು ಅಡುಗೆಗೆ ಬಳಸುವ ಎಣ್ಣೆಗಳ ರಚನೆಯೇ ಬೇರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ತಿಮಿಂಗಿಲದ ಎಣ್ಣೆ ದ್ರವರೂಪದ ಮೇಣ. ಬಿಸಿಗೆ ಬೇಗ ಕೆಡದು, ಚಳಿಗೆ ಬೇಗ ಗಟ್ಟಿಯಾಗದು, ಲೋಹದ ಮೇಲೆ ಪದರವಾಗಿ ಅಂಟಿಕೊಂಡು ನಿಲ್ಲುತ್ತದೆ. ಇದನ್ನು ಗಂಧಕದ ಜೊತೆ ಸಂಸ್ಕರಿಸಿ ಗೇರ್ ಆಯಿಲಿಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೂ ಬೆರೆಸುತ್ತಿದ್ದರು.

1970ರಲ್ಲಿ ಅಮೆರಿಕ ಸರ್ಕಾರ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1972ರಲ್ಲಿ ಸಾಗರ ಸಸ್ತನಿಗಳ ರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂತು. ಎಣ್ಣೆ ಕಂಪನಿಗಳು ಅವಸರದಲ್ಲಿ ಬದಲಿ ಹುಡುಕಬೇಕಾಯಿತು. ಜನರಲ್ ಮೋಟರ್ಸ್ ಬಳಕೆಗೆ ತಂದ ಡೆಕ್ಸ್ರಾನ್-2 ಎಣ್ಣೆಯ ಮೊದಲ ಅವತಾರ ಹೊಸ ಪೇಚನ್ನು ತಂದಿತು. ಅದು ಕೂಲರಿನ ಹಿತ್ತಾಳೆ ಮತ್ತು ಬೆಸುಗೆಯನ್ನು ತಿನ್ನತೊಡಗಿತು. ಕೂಲರ್ ತೂತಾದರೆ ರೇಡಿಯೇಟರಿನ ನೀರು ಗೇರ್‌ಬಾಕ್ಸಿಗೆ ಹೋಗುತ್ತದೆ, ಕ್ಲಚ್ ತಟ್ಟೆಗಳ ಅಂಟು ಬಿಡುತ್ತದೆ, ಅಲ್ಲಿಗೆ ಗೇರ್‌ಬಾಕ್ಸಿನ ಕಥೆ ಮುಗಿಯುತ್ತದೆ. ತುಕ್ಕು ತಡೆಯುವ ರಾಸಾಯನಿಕ ಸೇರಿಸಿ ಸುಧಾರಿತ ಎಣ್ಣೆಯನ್ನು 1970ರ ದಶಕದ ನಡುವೆ ಮಾರುಕಟ್ಟೆಗೆ ಬಿಟ್ಟ ಮೇಲೆ ಆ ತೊಂದರೆ ಹತೋಟಿಗೆ ಬಂತು.

ಆ ಹುಡುಕಾಟದಲ್ಲಿ ಮರುಭೂಮಿಯ ಒಂದು ಗಿಡಕ್ಕೂ ಅದೃಷ್ಟ ಖುಲಾಯಿಸಿತು. ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಸೊನೊರನ್ ಮರುಭೂಮಿಯಲ್ಲಿ ಬೆಳೆಯುವ ಹೊಹೊಬಾ ಗಿಡದ ಬೀಜದ ಎಣ್ಣೆಯೂ ದ್ರವರೂಪದ ಮೇಣವೇ. ತಿಮಿಂಗಿಲದ ಎಣ್ಣೆಗೆ ಪರ್ಯಾಯ ಎಂದು ಅದರ ಮೇಲೆ ಸಂಶೋಧನೆ ನಡೆಯಿತು. ನಮ್ಮ ರಾಜಸ್ಥಾನದಲ್ಲೂ ಈ ಗಿಡ ಬೆಳೆಸುತ್ತಾರೆ. ಈಗ ಅದರ ಎಣ್ಣೆ ಹೆಚ್ಚಾಗಿ ಸೇರುತ್ತಿರುವುದು ಸೌಂದರ್ಯವರ್ಧಕಗಳ ಬಾಟಲಿಗಳನ್ನು.

ಫೋರ್ಡಿನದು ಒಂದು ದಾರಿ, ಜನರಲ್ ಮೋಟರ್ಸಿನದು ಇನ್ನೊಂದು

ಎಣ್ಣೆ ಆರಿಸುವವರನ್ನು ಕಾಡುವ ಇನ್ನೊಂದು ಇತಿಹಾಸ ಎರಡು ಕಂಪನಿಗಳ ಜಗಳದ್ದು. ಜನರಲ್ ಮೋಟರ್ಸ್ 1949ರಲ್ಲಿ 'ಟೈಪ್ ಎ' ಎಂಬ ಮಾನದಂಡ ರೂಪಿಸಿತು. 1957ರಲ್ಲಿ ಅದನ್ನು ತಿದ್ದಿತು, 1960ರ ದಶಕದ ಕೊನೆಗೆ ಡೆಕ್ಸ್ರಾನ್ ಎಂಬ ಹೆಸರಿಗೆ ಬಂತು. ಫೋರ್ಡ್ ಅದೇ ದಶಕದಲ್ಲಿ ಬೇರೆ ದಾರಿ ಹಿಡಿದು 'ಟೈಪ್ ಎಫ್' ಮಾಡಿಕೊಂಡಿತು. ನೋಡಲು ಎರಡೂ ಕೆಂಪು, ಮುಟ್ಟಲು ಎರಡೂ ಒಂದೇ.

ವ್ಯತ್ಯಾಸ ಇರುವುದು ಕ್ಲಚ್ ತಟ್ಟೆಗಳು ಒಂದನ್ನೊಂದು ಹಿಡಿಯುವ ಕ್ಷಣದಲ್ಲಿ. ಡೆಕ್ಸ್ರಾನಿನಲ್ಲಿ ಘರ್ಷಣೆಯನ್ನು ತಗ್ಗಿಸುವ ರಾಸಾಯನಿಕ ಇದೆ. ತಟ್ಟೆಗಳು ಚೂರು ಜಾರಿ, ಆಮೇಲೆ ಮೆತ್ತಗೆ ಹಿಡಿಯುತ್ತವೆ. ಕೂತವರಿಗೆ ಗೇರು ಬದಲಾದದ್ದೇ ತಿಳಿಯುವುದಿಲ್ಲ. ಟೈಪ್ ಎಫ್‌ನಲ್ಲಿ ಆ ರಾಸಾಯನಿಕ ಇಲ್ಲ. ತಟ್ಟೆಗಳು ತಡಮಾಡದೆ ಗಟ್ಟಿಯಾಗಿ ಕಚ್ಚುತ್ತವೆ, ಬೆನ್ನಿಗೆ ಸಣ್ಣ ತಳ್ಳು ಕೊಟ್ಟಂತಾಗುತ್ತದೆ. ಫೋರ್ಡ್ ತನ್ನ ತಟ್ಟೆಗಳನ್ನು ಈ ಗುಣಕ್ಕೆ ಹೊಂದುವಂತೆ ಮಾಡಿತ್ತು. ಅಂಥ ಗೇರ್‌ಬಾಕ್ಸಿಗೆ ಡೆಕ್ಸ್ರಾನ್ ಸುರಿದರೆ ತಟ್ಟೆಗಳು ಬೇಕಾದ್ದಕ್ಕಿಂತ ಹೆಚ್ಚು ಜಾರುತ್ತವೆ, ಬಿಸಿಯಾಗುತ್ತವೆ, ಕ್ರಮೇಣ ಸುಡುತ್ತವೆ. ತಿರುಗಾಮುರುಗಾ ಮಾಡಿದರೆ ಗೇರು ಧಡಕ್ಕೆಂದು ಬೀಳುತ್ತದೆ. ರೇಸಿನ ಹುಚ್ಚಿನವರು ಇದನ್ನು ತಿಳಿದೇ ಶೆವರ್ಲೆಗೆ ಟೈಪ್ ಎಫ್ ಹಾಕುತ್ತಿದ್ದುದೂ ಉಂಟು.

ಇನ್ನೊಂದು ಗಂಟು ಇದೆ. 1977ರ ಹೊತ್ತಿಗೆ ಫೋರ್ಡ್ ತಾನೇ ಮನಸ್ಸು ಬದಲಿಸಿ ಸಿ-6ಗೆ ಡೆಕ್ಸ್ರಾನಿನ ಗುಣಕ್ಕೆ ಹತ್ತಿರದ ಎಣ್ಣೆ ಸೂಚಿಸತೊಡಗಿತು. ಹಾಗಾಗಿ ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಸಿ-6 ಗೇರ್‌ಬಾಕ್ಸುಗಳಲ್ಲಿ 1972ರದ್ದು ಒಂದು ಎಣ್ಣೆ ಕೇಳುತ್ತದೆ, 1978ರದ್ದು ಇನ್ನೊಂದು. ಐವತ್ತು ವರ್ಷದಲ್ಲಿ ಯಾರೋ ಗೇರ್‌ಬಾಕ್ಸ್ ಬಿಚ್ಚಿ ಒಳಗಿನ ತಟ್ಟೆಗಳನ್ನು ಹೊಸ ಬಗೆಯವಕ್ಕೆ ಬದಲಿಸಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಹಳೇ ಗಾಡಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಹಳೇ ಮಾಲೀಕನ ರಿಪೇರಿ ಬಿಲ್ಲುಗಳನ್ನು ಕೇಳುವುದು ಇದಕ್ಕಾಗಿಯೇ.

ಗಾಡಿಯಡಿ ಮಲಗಿ

ಈಗ ಕೆಲಸಕ್ಕೆ ಇಳಿಯೋಣ. 1970ರ ಸುಮಾರಿನ ಎಫ್-100, ಅದರಲ್ಲಿ ಸಿ-6 ಗೇರ್‌ಬಾಕ್ಸ್ ಎಂದುಕೊಳ್ಳಿ. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ತಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಎಣ್ಣೆ ಬೆಚ್ಚಗಿದ್ದರೆ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ. ಕುದಿಯುವಷ್ಟು ಬಿಸಿ ಇದ್ದರೆ ಮಾತ್ರ ಮೊಣಕೈವರೆಗೆ ಸುಟ್ಟುಕೊಳ್ಳಬೇಕಾದೀತು. ಗಾಲಿಗಳಿಗೆ ಅಡೆ ಕೊಟ್ಟು, ಜಾಕಿಯಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜಾಕಿಯನ್ನು ನಂಬಿ ಎರಡು ಟನ್ನಿನ ಗಾಡಿಯಡಿ ತಲೆ ಇಡುವುದು ಮೂರ್ಖತನ.

ಈ ಗೇರ್‌ಬಾಕ್ಸಿನ ಅಡಿಯಲ್ಲಿ ಎಣ್ಣೆ ತುಂಬಿಕೊಂಡ ತಗಡಿನ ತಟ್ಟೆ ಇದೆ. ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎಂದು ಕರೆಯುತ್ತಾರಲ್ಲ, ಅಂಥದ್ದು. ಆ ಕಾಲದ ಬಹುಪಾಲು ತಟ್ಟೆಗಳಿಗೆ ಡ್ರೈನ್ ಪ್ಲಗ್ಗೇ ಇಲ್ಲ. ಹೀಗಾಗಿ ಸುತ್ತಲಿನ ಬೋಲ್ಟುಗಳನ್ನು ಬಿಚ್ಚಿ, ತಟ್ಟೆಯನ್ನೇ ಕೆಳಗಿಳಿಸಬೇಕು. ಎಲ್ಲ ಬೋಲ್ಟನ್ನೂ ಒಮ್ಮೆಗೇ ತೆಗೆದರೆ ಐದು ಲೀಟರ್ ಎಣ್ಣೆ ಮುಖದ ಮೇಲೆ. ಪಳಗಿದವರು ಒಂದು ಬದಿಯ ಬೋಲ್ಟುಗಳನ್ನು ಸಡಿಲಿಸಿಯಷ್ಟೇ ಬಿಟ್ಟು, ಎದುರು ಬದಿಯವನ್ನು ಪೂರಾ ತೆಗೆದು, ಸ್ಕ್ರೂ ಡ್ರೈವರಿನಿಂದ ಗ್ಯಾಸ್ಕೆಟ್ಟಿನ ಅಂಟನ್ನು ಮೆಲ್ಲಗೆ ಬಿಡಿಸುತ್ತಾರೆ. ತಟ್ಟೆ ಒಂದು ಕಡೆಗೆ ವಾಲಿ, ಎಣ್ಣೆ ಅಗಲ ಬಾಯಿಯ ಟಬ್ಬಿಗೆ ಧಾರೆಯಾಗಿ ಇಳಿಯುತ್ತದೆ.

ಇಳಿದದ್ದು ಒಟ್ಟು ಎಣ್ಣೆಯ ಅರ್ಧವೂ ಅಲ್ಲ. ಸಿ-6 ಒಟ್ಟಾರೆ ಹಿಡಿಯುವುದು ಸುಮಾರು 12 ಲೀಟರ್. ಉಳಿದದ್ದರಲ್ಲಿ ಹೆಚ್ಚಿನದು ಟಾರ್ಕ್ ಕನ್ವರ್ಟರಿನಲ್ಲಿ ಕೂತಿರುತ್ತದೆ. ಆ ಕಾಲದ ಫೋರ್ಡಿನಲ್ಲಿ ಕನ್ವರ್ಟರಿಗೇ ಒಂದು ಡ್ರೈನ್ ಪ್ಲಗ್ ಕೊಟ್ಟಿದ್ದರು. ಮುಂಭಾಗದ ಸಣ್ಣ ಮುಚ್ಚಳ ತೆಗೆದು, ಎಂಜಿನ್ನನ್ನು ಪಾನಾದಿಂದ ಕೈಯಲ್ಲೇ ನಿಧಾನ ತಿರುಗಿಸಿದರೆ ಪ್ಲಗ್ಗು ಕೆಳಗೆ ಬರುತ್ತದೆ. ಮುಂದೆ ಬಂದ ಎಷ್ಟೋ ಗಾಡಿಗಳಲ್ಲಿ ಈ ಸೌಕರ್ಯವನ್ನು ಕೈಬಿಟ್ಟರು. ಹಾಗಾಗಿ ಇಂದಿನ ಮೆಕ್ಯಾನಿಕ್ಕುಗಳು ಅದನ್ನು ಹುಡುಕಲು ಹೋಗುವುದೇ ಇಲ್ಲ.

ತಟ್ಟೆಯ ತಳದ ಜಾತಕ

ಇಳಿಸಿದ ತಟ್ಟೆಯನ್ನು ತಕ್ಷಣ ತೊಳೆಯಬಾರದು. ಗೇರ್‌ಬಾಕ್ಸಿನ ಜಾತಕ ಇರುವುದು ಅದರ ತಳದಲ್ಲಿ. ಬೆರಳಿನಿಂದ ಸವರಿದಾಗ ನುಣ್ಣನೆಯ ಕಪ್ಪು ಕೆಸರು ಅಂಟಿದರೆ ಹೆದರಬೇಕಿಲ್ಲ. ಅದು ವರ್ಷಗಟ್ಟಲೆ ಸವೆದ ಕ್ಲಚ್ ತಟ್ಟೆಗಳ ಪುಡಿ. ಬಿಸಿಲಿಗೆ ಹಿಡಿದಾಗ ಹಳದಿ ಮಿನುಗು ಕಂಡರೆ ಬುಷ್ಷೋ ವಾಷರೋ ತೇಯುತ್ತಿದೆ ಎಂದರ್ಥ. ಬೆರಳಿಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕರೆ ಹೊಸ ಎಣ್ಣೆಗೆ ದುಡ್ಡು ಸುರಿಯುವ ಮೊದಲು ಗೇರ್‌ಬಾಕ್ಸ್ ಬಿಚ್ಚುವವರನ್ನು ಕಾಣುವುದು ಒಳ್ಳೆಯದು.

ಎಣ್ಣೆಯ ಬಣ್ಣ, ವಾಸನೆಯೂ ಮಾತಾಡುತ್ತವೆ. ಕೆಂಪು ಕಂದಿ ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬರುತ್ತಿದ್ದರೆ ತಟ್ಟೆಗಳು ಸುಟ್ಟಿವೆ. ಗುಲಾಬಿ ಬಣ್ಣದ ನೊರೆಗಟ್ಟಿದ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಬೆರೆತಿದೆ. ಕೆಲವೊಮ್ಮೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಎಣ್ಣೆ ಕಡಿಮೆಯಾಗುತ್ತ ಹೋಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಎಂಜಿನ್ನೇ ಹೋಯಿತೆಂದು ಜನ ಗಾಬರಿಯಾಗುತ್ತಾರೆ. ಆಗ ಅನುಮಾನಿಸಬೇಕಾದದ್ದು ಗೇರ್‌ಬಾಕ್ಸಿನ ಪಕ್ಕ ಅಥವಾ ಹಿಂದೆ ಕೂತ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ವ್ಯಾಕ್ಯೂಮ್ ಮಾಡ್ಯುಲೇಟರನ್ನು. ಅದರೊಳಗಿನ ರಬ್ಬರ್ ಪೊರೆ ಹರಿದರೆ ಎಂಜಿನ್ ತನ್ನ ಉಸಿರಿನ ಜೊತೆ ಗೇರ್‌ಬಾಕ್ಸಿನ ಎಣ್ಣೆಯನ್ನೂ ಎಳೆದುಕೊಂಡು ಸುಡುತ್ತದೆ. ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆ ಕಿತ್ತು ನೋಡಿ. ಒಳಗೆ ಕೆಂಪೆಣ್ಣೆ ಇದ್ದರೆ ಕಳ್ಳ ಸಿಕ್ಕಿಬಿದ್ದ. ಎಂಜಿನ್ ಬಿಚ್ಚುವ ಖರ್ಚು ಉಳಿಯಿತು.

ಆಮೇಲೆ ಫಿಲ್ಟರಿನ ಸರದಿ. ಹಳೇ ಫೋರ್ಡುಗಳಲ್ಲಿ ಇದು ಲೋಹದ ಜಾಲರಿ, ತೊಳೆದು ಮತ್ತೆ ಹಾಕಬಹುದಿತ್ತು. ಈಗ ಹೊಸದನ್ನೇ ಹಾಕುವುದು ರೂಢಿ. ತಟ್ಟೆ ಬಿಚ್ಚಿರುವಾಗ, ಎರಡನೇ ಗೇರು ಬೀಳುವಾಗ ಬಿಗಿಯುವ ಬ್ಯಾಂಡ್ ಎಂಬ ಪಟ್ಟಿಯನ್ನೂ ನೋಡಿಬಿಡಬೇಕು. ಸಿ-6ರ ಎಡಬದಿಯಲ್ಲಿ ಹೊರಗಡೆಯೇ ಒಂದು ತಿರುಪು ಇದೆ. ಅದನ್ನು ಸುಮಾರು 14 ನ್ಯೂಟನ್ ಮೀಟರ್ ಬಿಗಿಗೆ ತಂದು, ಸರಿಯಾಗಿ ಒಂದೂವರೆ ಸುತ್ತು ಹಿಂದೆ ತಿರುಗಿಸಿ, ಹೊಸ ಲಾಕ್ ನಟ್ ಹಾಕಿ ನಿಲ್ಲಿಸಬೇಕು. ಎರಡನೇ ಗೇರು ತಡವಾಗಿ ಬೀಳುತ್ತಿದೆ ಎಂಬ ದೂರು ಎಷ್ಟೋ ಸಲ ಇಷ್ಟಕ್ಕೇ ಪರಿಹಾರವಾಗುತ್ತದೆ.

ತಟ್ಟೆಯ ಅಂಚಿನಲ್ಲಿ ಹಳೇ ಗ್ಯಾಸ್ಕೆಟ್ಟಿನ ಚೂರು ಉಳಿಯದಂತೆ ಕೆರೆದು, ಬೋಲ್ಟಿನ ತೂತುಗಳ ಸುತ್ತ ತಗಡು ಉಬ್ಬಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ ಮಟ್ಟ ಮಾಡಬೇಕು. ಹಳೇ ಗಾಡಿಗಳ ಸೋರಿಕೆಗೆ ಮುಖ್ಯ ಕಾರಣ ಈ ಉಬ್ಬು. ಸೋರುತ್ತಿದೆಯೆಂದು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ, ತಗಡು ಇನ್ನಷ್ಟು ಉಬ್ಬುತ್ತದೆ, ಇನ್ನಷ್ಟು ಸೋರುತ್ತದೆ. ಬೇಕಾದ ಬಿಗಿ 16ರಿಂದ 22 ನ್ಯೂಟನ್ ಮೀಟರ್ ಮಾತ್ರ. ಗಾಲಿಯ ನಟ್ಟು ಬಿಗಿದು ರೂಢಿಯಾದ ಕೈಗೆ ಇದು ಏನೇನೂ ಸಾಲದು ಅನಿಸುತ್ತದೆ.

ತುಂಬುವಾಗ ಅವಸರ ಬೇಡ

ಎಣ್ಣೆ ಹಾಕುವುದು ಅಳತೆಕೋಲು ಇಳಿಯುವ ಕೊಳವೆಯಿಂದಲೇ. ಉದ್ದ ಕತ್ತಿನ ಆಲಿಕೆ ಬೇಕು. ತಟ್ಟೆ ಮಾತ್ರ ಇಳಿಸಿದ್ದರೆ ಮೊದಲು ನಾಲ್ಕು ಲೀಟರ್ ಹಾಕಿ ಎಂಜಿನ್ ಚಾಲೂ ಮಾಡಬೇಕು. ಬ್ರೇಕ್ ತುಳಿದುಕೊಂಡು ಗೇರ್ ಲಿವರನ್ನು ಒಂದೊಂದೇ ಸ್ಥಾನಕ್ಕೆ ತಂದು, ಪ್ರತಿ ಕಡೆ ಕ್ಷಣಕಾಲ ನಿಲ್ಲಿಸಿ, ಪಾರ್ಕಿಗೆ ಮರಳಿಸಬೇಕು. ಒಣಗಿದ್ದ ಕಾಲುವೆಗಳೆಲ್ಲ ಆಗ ತುಂಬಿಕೊಳ್ಳುತ್ತವೆ. ಕನ್ವರ್ಟರನ್ನೂ ಬರಿದು ಮಾಡಿದ್ದರೆ ಅದು ಎಣ್ಣೆ ಕುಡಿಯುತ್ತಲೇ ಹೋಗುತ್ತದೆ, ಎಂಜಿನ್ ಓಡುತ್ತಿರುವಂತೆಯೇ ಹಾಕುತ್ತ ಹೋಗಬೇಕು.

ಅಳತೆ ನೋಡುವುದೂ ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಬಿಸಿಯಾದ ಮೇಲೆಯೇ. ಎಂಜಿನ್ ಆಯಿಲಿನಂತೆ ಗಾಡಿ ಆರಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಫೋರ್ಡಿಗೂ ಶೆವರ್ಲೆಗೂ ಪಾರ್ಕಿನಲ್ಲಿಟ್ಟು ನೋಡಬೇಕು, ಹಳೇ ಕ್ರೈಸ್ಲರ್ ಕಂಪನಿಯ ಡಾಜ್ ಪಿಕಪ್ಪಿಗೆ ನ್ಯೂಟ್ರಲ್. ಅಳತೆಕೋಲಿನ ಎರಡು ಗುರುತುಗಳ ನಡುವಿನ ಅಂತರ ಸುಮಾರು ಅರ್ಧ ಲೀಟರ್ ಅಷ್ಟೇ. ಜಾಸ್ತಿಯಾದರೆ ಒಳಗೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಜಾರುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಆಗಲೂ ಜಾರುವುದು ಕ್ಲಚ್ಚೇ. ಇರಲಿ ಎಂದು ಅರ್ಧ ಲೀಟರ್ ಹೆಚ್ಚಿಗೆ ಸುರಿಯುವ ಧಾರಾಳತನ ಇಲ್ಲಿ ನಡೆಯದು.

'ಹಳೇ ಗೇರ್‌ಬಾಕ್ಸಿನ ಎಣ್ಣೆ ಮುಟ್ಟಬೇಡಿ, ಮುಟ್ಟಿದರೆ ಕೈಕೊಡುತ್ತದೆ' ಎಂಬ ನಂಬಿಕೆ ಎಲ್ಲ ದೇಶದ ಗ್ಯಾರೇಜುಗಳಲ್ಲೂ ಇದೆ. ಇದು ಹುಟ್ಟಿದ್ದಕ್ಕೆ ಕಾರಣವಿದೆ. ಜನ ಸಾಮಾನ್ಯವಾಗಿ ಎಣ್ಣೆ ಬದಲಿಸಲು ಬರುವುದೇ ಗೇರು ಜಾರತೊಡಗಿದ ಮೇಲೆ. ಅಷ್ಟೊತ್ತಿಗೆ ತಟ್ಟೆಗಳು ಸವೆದಿರುತ್ತವೆ, ಎಣ್ಣೆಯಲ್ಲಿ ತೇಲುವ ಪುಡಿಯೇ ಒಂದಿಷ್ಟು ಹಿಡಿತ ಕೊಡುತ್ತಿರುತ್ತದೆ. ಶುದ್ಧ ಎಣ್ಣೆ ಬಂದ ಕೂಡಲೇ ಆ ಹಿಡಿತವೂ ಹೋಗುತ್ತದೆ, ಅಪವಾದ ಹೊಸ ಎಣ್ಣೆಯ ತಲೆಗೆ. ಚೆನ್ನಾಗಿ ಓಡುತ್ತಿರುವ ಗೇರ್‌ಬಾಕ್ಸಿಗೆ ಕಾಲಕಾಲಕ್ಕೆ ಎಣ್ಣೆ ಬದಲಿಸಿದರೆ ಈ ಭಯಕ್ಕೆ ಎಡೆಯೇ ಇಲ್ಲ. ಹಳೆಯದಕ್ಕೆ ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಸುವುದನ್ನು ಮಾತ್ರ ಬಿಡಬೇಕು. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಕೊಳೆ ಎದ್ದು ವಾಲ್ವಿನ ಸಂದಿ ಸೇರಿದರೆ ತೆಗೆಯುವುದು ಕಷ್ಟ.

ಮಲೆನಾಡಿನ ಜೀಪಿಗೂ ಇದೇ ನ್ಯಾಯ

ನಮ್ಮಲ್ಲಿ ಆಟೊಮ್ಯಾಟಿಕ್ ಪಿಕಪ್ಪಿನ ಹಳೇ ಸಂತತಿ ಇಲ್ಲ. ಇರುವುದು ಜೀಪಿನ ವಂಶ. ಮಹೀಂದ್ರ ಕಂಪನಿ 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಸಿಜೆ-3ಬಿ ಮಾದರಿ ಇಲ್ಲಿ ಹಲವು ರೂಪಗಳಲ್ಲಿ ದಶಕಗಟ್ಟಲೆ ಮುಂದುವರಿಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಕಾಳು ಎಲ್ಲವನ್ನೂ ಹೊತ್ತದ್ದು ಇವೇ. ಹಿಂಬದಿಗೆ ತೊಟ್ಟಿ ಕಟ್ಟಿಸಿಕೊಂಡು ಪಿಕಪ್ಪಾದವೂ ಉಂಟು. ಮಡಿಕೇರಿಯ ಮಾಂದಲಪಟ್ಟಿಗೆ, ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳೂ ಇದೇ ಬಳಗದವು.

ಹಳೇ ಪೆಟ್ರೋಲ್ ಜೀಪಿನಲ್ಲಿ ಇರುವುದು ಟಿ-90 ಎಂಬ ಮೂರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಅದರ ಬೆನ್ನಿಗೆ ನಾಲ್ಕೂ ಗಾಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್. ಎರಡೂ ಹಿಡಿಯುವುದು ತಲಾ ಒಂದೂವರೆ ಲೀಟರಿನ ಆಸುಪಾಸು. ಇಲ್ಲಿ ಕೆಂಪೆಣ್ಣೆ ಇಲ್ಲ, ನಮ್ಮವರು ನೈಂಟಿ ಆಯಿಲ್ ಎನ್ನುವ ಮಂದ ಗೇರ್ ಆಯಿಲ್. ಒಂದರ ಎಣ್ಣೆ ಇನ್ನೊಂದಕ್ಕೆ ನುಸುಳುವುದರಿಂದ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಡ್ರೈನ್ ಪ್ಲಗ್ಗಿಗೆ ಪಾನಾ ಹಾಕುವ ಮುನ್ನ ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚುತ್ತದೋ ಇಲ್ಲವೋ ನೋಡಿಕೊಳ್ಳಬೇಕು. ಕೆಳಗಿನಿಂದ ಎಣ್ಣೆಯೆಲ್ಲ ಸುರಿದುಹೋಗಿ, ಮೇಲಿನ ಪ್ಲಗ್ಗು ತುಕ್ಕು ಹಿಡಿದು ಅಲ್ಲಾಡದೆ ಹೋದರೆ ಗಾಡಿ ನಿಂತಲ್ಲೇ ನಿಂತಿತು.

ಎಣ್ಣೆಯ ಆಯ್ಕೆಯಲ್ಲಿ ಇಲ್ಲಿಯೂ ಅದೇ ಪಾಠ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತು ಇರುತ್ತದೆ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಉತ್ತಮ ಎಂದು ಅಂಗಡಿಯವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಜಿಎಲ್-5 ಇರುವುದು ಹಿಂಬದಿ ಹೌಸಿಂಗಿನ ಗೇರುಗಳು ಅನುಭವಿಸುವ ವಿಪರೀತ ಒತ್ತಡಕ್ಕೆ. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಸುಮಾರು ಇಮ್ಮಡಿ. ಟಿ-90ರ ಎರಡನೇ ಮತ್ತು ಮೂರನೇ ಗೇರಿಗೆ, ಗೇರು ಸದ್ದಿಲ್ಲದೆ ಬೀಳುವಂತೆ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳಿವೆ. ಈ ರಾಸಾಯನಿಕಗಳು ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನಬಲ್ಲವು. ಜೊತೆಗೆ ಎಣ್ಣೆಯ ಜಾರು ಹೆಚ್ಚಿ ಬಳೆಗಳು ಹಿಡಿಯದೆ ಗೇರು ಕಿರುಗುಟ್ಟುತ್ತದೆ. ಅಲ್ಲಿಗೆ ಬೇಕಾದದ್ದು ಜಿಎಲ್-4. ಮೊದಲ ಗೇರಿಗೆ ಮೊದಲಿನಿಂದಲೂ ಸಿಂಕ್ರೊ ಇಲ್ಲ. ಅದು ಕಿರುಗುಟ್ಟಿದರೆ ಎಣ್ಣೆಯನ್ನು ಬೈಯದೆ, ಗಾಡಿ ಪೂರ್ತಿ ನಿಂತ ಮೇಲೆ ಗೇರು ಹಾಕುವ ಅಭ್ಯಾಸ ಮಾಡಿಕೊಂಡರಾಯಿತು.

ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ. ಬಿಸಿಯಾದ ಗೇರ್‌ಬಾಕ್ಸು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಹಳೇ ಸೀಲು ಮತ್ತು ಉಸಿರುಗಂಡಿಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಫಿಲ್ಲರ್ ಪ್ಲಗ್ ತೆಗೆದು ಬೆರಳಾಡಿಸಿ ನೋಡಿ. ಎಣ್ಣೆ ಬೆಳ್ಳಗೆ ಕದಡಿದ್ದರೆ ಕಿಲೋಮೀಟರ್ ಲೆಕ್ಕ ನೋಡುತ್ತ ಕೂರಬೇಡಿ, ಬದಲಿಸಿ.

ಇನ್ನು ತೆಗೆದ ಎಣ್ಣೆ. ಗೆದ್ದಲು ಬಾರದಿರಲೆಂದು ಬೇಲಿಕಂಬಕ್ಕೆ ಬಳಿಯುವುದು, ಗ್ಯಾರೇಜಿನ ಹಿಂದಿನ ಚರಂಡಿಗೆ ಸುರಿಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಎರಡೂ ಕೊನೆಗೆ ಸೇರುವುದು ಬಾವಿಯ ನೀರನ್ನು. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಳೇ ಡಬ್ಬಿಯಲ್ಲೇ ತುಂಬಿಸಿ, ನೀರು, ಪೆಟ್ರೋಲ್ ಬೆರೆಯದಂತೆ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಕರಣೆಗಾರರಿಗೆ ಎಣ್ಣೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ತಲುಪಿಸಿ.

ಹಳೇ ಗಾಡಿ ಸಾಕುವವರು ಎಣ್ಣೆ ತರಲು ಹೊರಡುವ ಮುನ್ನ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಗಾಡಿ ತಯಾರಾದ ವರ್ಷ, ಗೇರ್‌ಬಾಕ್ಸಿನ ಹೆಸರು, ಕಂಪನಿಯ ಕೈಪಿಡಿಯಲ್ಲಿ ಸೂಚಿಸಿದ ಎಣ್ಣೆ. ಟೈಪ್ ಎಫ್ ಈಗಲೂ ತಯಾರಾಗುತ್ತದೆ, ಜಿಎಲ್-4 ಈಗಲೂ ಸಿಗುತ್ತದೆ. ಅಂಗಡಿಯವರು 'ಇದು ಎಲ್ಲಾ ಗಾಡಿಗೂ ಆಗುತ್ತೆ, ತಗೊಂಡು ಹೋಗಿ ಸಾರ್' ಎಂದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿ ನೋಡಿ.